ಬಿಳಿಯ ಮೇಲೆ ಬಿಳಿ

ಅಣ್ಣ ಕಾಣೆಯಾಗಿ ಐದು ದಿನಕ್ಕೆ, ಶನಿವಾರ ಬೆಳಿಗ್ಗೆ, ಮದ್ದೂರಿನಲ್ಲಿ ರೂಪಳ ಕಂಪ್ಯೂಟರ್ ಅಂಗಡಿ ಬಾಗಿಲು ತೆರೆಯುವುದನ್ನು ಕಾಯುತ್ತ ನಿಂತಿದ್ದೆ. ಎದುರಿಗೇ ಕಲ್ಲುಬೆಂಚಿತ್ತು. ಎರಡು ಸಲ ಕೂತು ಎರಡು ಸಲವೂ ಎದ್ದೆ.

ಅಣ್ಣನ ಹೆಸರು ಕಿಟ್ಟು. ಎಪ್ಪತ್ತಾರು ವರ್ಷ, ಮರೆವಿನ ಕಾಯಿಲೆ. ಸೋಮವಾರ ಮಂಡ್ಯದ ಆಸ್ಪತ್ರೆಗೆ ಕರೆದೊಯ್ದಿದ್ದೆವು. ಅತ್ತಿಗೆ ಗೋದಮ್ಮ ಔಷಧಿಯ ಸಾಲಿನಲ್ಲಿದ್ದಳು, ನಾನು ಚೀಟಿ ಹಿಡಿದು ಡಾಕ್ಟರ ಕೋಣೆಗೆ ಹೋಗಿದ್ದೆ. ಅಷ್ಟರಲ್ಲಿ ಅಣ್ಣ ಬೆಂಚಿನಿಂದ ಎದ್ದು ಹೋದ. ಯಾರಾದರೂ ಹೆಸರು, ಊರು ಕೇಳಿದರೆ ಅವನಿಗೆ ಹೇಳಲು ಬಾರದು. ನಮ್ಮ ತಾತ ತಾವೇ ಕಟ್ಟಿ ಸಂಜೆ ಹೊತ್ತು ಓದುತ್ತಿದ್ದ ಒಂದು ಪದ್ಯ ಮಾತ್ರ ಬಾಯಲ್ಲಿ ಉಳಿದಿದೆ, ಅದೂ ಮೊದಲ ಎರಡು ಸಾಲು.

ಪೊಲೀಸರಿಗೆ ದೂರು ಕೊಟ್ಟಿದ್ದಾಗಿತ್ತು. ವಾಟ್ಸಾಪಿನಲ್ಲಿ ಫೋಟೋ ಸುತ್ತಿ ಸುತ್ತಿ ನಮಗೇ ವಾಪಸು ಬಂತು. ಮಂಗಳವಾರ ರೂಪ ತನ್ನ ಅಂಗಡಿಯ ವೆಬ್‌ಸೈಟಿನಲ್ಲೇ ಅಣ್ಣನಿಗೆಂದು ಒಂದು ಪುಟ ಮಾಡಿಕೊಟ್ಟಳು. ಚಿಕ್ಕರಸಿನಕೆರೆಯ ಹುಡುಗಿ, ಮಾತು ಖಡಕ್ಕು.

"ಸಿಕ್ಕೋರು ಮೊಬೈಲ್ನಾಗೆ ಏನಂತ ಸರ್ಚ್ ಮಾಡ್ತಾರೋ ಆ ಮಾತೆಲ್ಲ ಪುಟದಾಗಿರ್ಬೇಕು ಸ್ವಾಮಿ. ಎಲ್ಲಾ ಯೋಳಿ. ಮಚ್ಚೆ, ಅಂಗಿ ಬಣ್ಣ, ಬಾಯಲ್ಲಿ ಏನಂತಾರೆ, ಎಲ್ಲಾ."

ಪದ್ಯವನ್ನೂ ಹೇಳಿದೆ. ಪುಟ ಉದ್ದವಾಗುತ್ತದೆಂದು ಅವಳು ಅದನ್ನು 'ಇನ್ನಷ್ಟು ಓದಿ' ಎಂಬ ಗುಂಡಿಯ ಕೆಳಗೆ ಮಡಚಿಟ್ಟಳು, ಒತ್ತಿದರೆ ಬಿಚ್ಚಿಕೊಳ್ಳುತ್ತಿತ್ತು. ಬುಧವಾರ ಹುಡುಕಿದಾಗ ಪುಟ ಎಲ್ಲಕ್ಕಿಂತ ಮೇಲೇ ಬಂತು. ಶುಕ್ರವಾರ ಸಂಜೆ ಹುಡುಕಿದರೆ ಎಲ್ಲೂ ಇಲ್ಲ.

ಅದಕ್ಕೇ ಶನಿವಾರ ಓಡಿ ಬಂದದ್ದು. ರೂಪ ಪುಟ ತೆರೆದು ಕೆಳಕ್ಕೆ ಎಳೆದಳು.

"ಇದೇನ್ ಸ್ವಾಮಿ, ಕೆಳಗೆ ಇಷ್ಟುದ್ದ ಖಾಲಿ? ನಾನಂತೂ ಬುಟ್ಟಿಲ್ಲ."

ಅವಳು ಆ ಖಾಲಿಯ ಮೇಲೆ ಮೌಸ್ ಒತ್ತಿ ಎಳೆದಳು. ನೀಲಿ ಪಟ್ಟೆಯೊಳಗೆ ಸಾಲುಸಾಲಾಗಿ ಅಕ್ಷರ ಎದ್ದವು. ಶ್ರೀರಾಮ ಶ್ರೀರಾಮ ಶ್ರೀರಾಮ.

"ಯಾರ್ ಬರ್ದೋರು?"

"ನಾನೇ ಕಣಮ್ಮ. ಸಾವಿರದ ಎಂಟು."

"ಕಾಪಿ ಪೇಸ್ಟಾ?"

"ಛೆ. ಒಂದೊಂದೂ ಬೆರಳಲ್ಲೇ ಹೊಡೆದದ್ದು."

ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಟೈಪಿಸ್ಟ್ ಆಗಿದ್ದವನು ನಾನು. ಫೋನ್ ನಂಬರು ಬದಲಿಸಬೇಕಾದರೆ ಇರಲೆಂದು ರೂಪ ಪಾಸ್‌ವರ್ಡ್ ಕೊಟ್ಟಿದ್ದಳು. ನಮ್ಮ ಮನೆಯಲ್ಲಿ ನಾಮ ಬರೆಯದೆ ಯಾವ ಕಾಗದವೂ ಹೊರಗೆ ಹೋದದ್ದಿಲ್ಲ. ಅಟ್ಟದ ಮೇಲೆ ರಾಮಕೋಟಿ ಬರೆದ ಪುಸ್ತಕಗಳೇ ಎರಡು ಟ್ರಂಕು ಇವೆ. ಜಪ ತುಟಿಯಾಚೆ ಕೇಳಿಸಬಾರದು, ಕೇಳಿಸಿದಷ್ಟು ಫಲ ಕಡಿಮೆ ಎಂದು ತಾತ ಹೇಳುತ್ತಿದ್ದರು. ಹಾಗಾಗಿ ಬುಧವಾರ ಮಧ್ಯಾಹ್ನ ಬರೆದು ಮುಗಿಸಿ, ಯಾರಿಗೂ ಕಾಣದಿರಲೆಂದು ಅಕ್ಷರದ ಬಣ್ಣವನ್ನು ಬಿಳಿ ಮಾಡಿದ್ದೆ.

ರೂಪ ನಗಲು ಹೊರಟವಳು ನನ್ನ ಮುಖ ನೋಡಿ ನಿಲ್ಲಿಸಿದಳು.

"ನೋಡಿ ಸ್ವಾಮಿ. ಕಳ್ಳ ನನ್ಮಕ್ಳು ಏನ್ಮಾಡ್ತಾರೆ ಅಂದ್ರೆ, ಚಪ್ಲಿ ಅಂಗ್ಡಿ ಪುಟದಾಗೆ ಮದ್ದೂರ್ ವಡೆ, ಮದ್ದೂರ್ ವಡೆ ಅಂತ ಸಾವ್ರ ಸಲ ಬಿಳೀ ಅಕ್ಸರದಲ್ಲಿ ಬರ್ದಿಡ್ತಾರೆ. ಜನಕ್ಕೆ ಕಾಣಲ್ಲ, ಸರ್ಚ್ ಮಾಡೋ ಯಂತ್ರ ಓದ್ಕತದೆ. ವಡೆ ಉಡ್ಕೋರೆಲ್ಲ ಓಗಿ ಚಪ್ಲಿ ಅಂಗ್ಡೀಲಿ ಬೀಳ್ತಾರೆ. ಅದ್ಕೇ ಇಂಗೆ ಬಚ್ಚಿಟ್ಟಿರೋದು ಕಂಡ್ರೆ ಅದು ಆ ಪುಟಾನೇ ಪಕ್ಕಕ್ ತಳ್ಬುಡ್ತದೆ. ಒಳಗಿರೋದು ದೇವ್ರ ಎಸ್ರೋ, ವಡೆ ಎಸ್ರೋ, ಅದ್ಕೇನ್ ಗೊತ್ತು?"

ಅಣ್ಣನನ್ನು ಕಂಡವರು ನಿನ್ನೆಯೇ ಹುಡುಕಿರಬಹುದು. ಏನೂ ಸಿಗದೆ ಸುಮ್ಮನಾಗಿರಬಹುದು.

ರೂಪ ಅಷ್ಟನ್ನೂ ಒಂದೇ ಏಟಿಗೆ ಅಳಿಸಿದಳು. ನಾನು ಕಣ್ಣು ಮುಚ್ಚಿಕೊಂಡೆ.

"ಪದ್ಯವನ್ನೂ ತೆಗೆದುಬಿಡಮ್ಮ. ಅದೂ ಕಾಣದ ಹಾಗೇ ಇದೆಯಲ್ಲ."

"ಅದು ಮಡ್ಚಿಟ್ಟಿರೋದು ಸ್ವಾಮಿ, ಬಚ್ಚಿಟ್ಟಿರೋದಲ್ಲ. ಗುಂಡಿ ಒತ್ತಿದ್ರೆ ಯಾರ್ಗಾದ್ರೂ ಬಿಚ್ಕತದೆ. ಯಂತ್ರಾನೂ ಓದ್ತದೆ, ತಪ್ಪು ಅನ್ನಲ್ಲ. ನೀವು ಪಂಚೆ ಮಡ್ಚಿ ಪೆಟ್ಗೇಲಿ ಇಟ್ರೆ ಕಳ್ತನ ಅಂತಾರಾ?"

"ತೆಗಿಯಮ್ಮ. ಇನ್ನೊಂದು ಸಲ ಹೋದರೆ ನಾನು ತಡೆಯಲಾರೆ."

"ತೆಗಿಯಲ್ಲ." ಕಂಪ್ಯೂಟರಿನ ಕಡೆಗೇ ತಿರುಗಿ ಏನೋ ಒತ್ತಿದಳು. "ಪಾಸ್‌ವರ್ಡೂ ಬದ್ಲಾಯ್ಸಿವ್ನಿ. ಮನೇಗೋಗಿ. ಆ ಯಂತ್ರ ತಿರ್ಗಾ ಬಂದು ನೋಡೋಗಂಟ ಕಾಯ್ಲೇಬೇಕು. ನಾಳೆನೋ, ವಾರನೋ, ಯೋಳಕ್ಕಾಗಲ್ಲ."

ಮನೆಯಲ್ಲಿ ಅತ್ತಿಗೆ ಅಣ್ಣನ ಕನ್ನಡಕ ಒರೆಸುತ್ತಿದ್ದಳು.

"ಪುಟ ಬಂತೇನೋ ರಂಗ?"

"ನೆಟ್‌ವರ್ಕ್ ಸರಿಯಿಲ್ಲ ಅತ್ತಿಗೆ."

ಮೂರು ದಿನ ಅದೇ ಸುಳ್ಳು ಹೇಳಿದೆ. ಗಂಟೆಗೊಮ್ಮೆ 'ಮಂಡ್ಯ ಆಸ್ಪತ್ರೆ ವೃದ್ಧ ಕಾಣೆ' ಎಂದು ಒತ್ತುವುದು, ಬಾರದಿದ್ದರೆ ಶಿಂಷಾ ಸೇತುವೆಯವರೆಗೆ ನಡೆದು ವಾಪಸು ಬರುವುದು. ಒಮ್ಮೆ ಊಟಕ್ಕೆ ಕೂತವನು ಎಲೆ ಬಿಟ್ಟು ಎದ್ದುಹೋದೆ. ಸಂಧ್ಯಾವಂದನೆಗೆ ಕೂತರೆ ನಾಮ ಬರುವ ಮುಂಚೆ ಆ ಖಾಲಿ ಪುಟ ಕಣ್ಣಿಗೆ ಬರುತ್ತಿತ್ತು. ಅರವತ್ತು ವರ್ಷದಲ್ಲಿ ಮೊದಲ ಬಾರಿ ಜಪದ ಎಣಿಕೆ ತಪ್ಪಿತು.

ಮಂಗಳವಾರ ಸಂಜೆ ಪುಟ ಬಂತು, ಮೂರನೆಯ ಜಾಗದಲ್ಲಿ. ಬುಧವಾರ ಬೆಳಿಗ್ಗೆ ಫೋನು.

"ಸ್ವಾಮಿ, ನಾನು ಚಲುವರಾಜು ಅಂತ, ಮಳವಳ್ಳಿ ತಾವ ಟೀ ಅಂಗ್ಡಿ. ನಿಮ್ ಯಜಮಾನ್ರು ನಮ್ಮತ್ರ ಅವ್ರೆ."

ಅತ್ತಿಗೆಯೂ ನಾನೂ ಸಿಕ್ಕ ಬಸ್ಸು ಹತ್ತಿದೆವು. ಪೇಟೆ ಶುರುವಾಗುವ ಮುಂಚೆಯೇ ತಗಡಿನ ಸೂರಿನ ಒಂದು ಅಂಗಡಿ. ಅಣ್ಣ ಚಲುವರಾಜನ ಅಂಗಿ ತೊಟ್ಟು ಬೆಂಚಿನ ಮೇಲಿದ್ದ. ಬಲಗಾಲು ಊದಿಕೊಂಡು ಬಟ್ಟೆ ಸುತ್ತಿತ್ತು. ನಮ್ಮನ್ನು ನೋಡಿದ. ಗುರುತು ಹತ್ತಲಿಲ್ಲ. ಅತ್ತಿಗೆ ಪಕ್ಕದಲ್ಲಿ ಕೂತು ಅವನಿಗೆ ಕನ್ನಡಕ ಹಾಕಿದಳು.

"ಎಸ್ರು ಕೇಳಿದ್ರೆ ಪದ ಯೋಳ್ತಾರೆ," ಎಂದ ಚಲುವರಾಜು. "ಊರ್ ಕೇಳಿದ್ರೂ ಪದ. ಸ್ಟೇಸನ್ಗೆ ಓಗಣ ಬನ್ನಿ ಅಂದ್ರೆ ಗಾಬ್ರಿ ಬಿದ್ದು ಕಂಬ ತಬ್ಕತಾರೆ. ಮೊಬೈಲ್ನಾಗೆ ಮಾತಾಡಿದ್ರೆ ಉಡ್ಕೊಡ್ತದಲ್ಲ ಮೈಕು, ಅದ್ನೇ ಬಾಯಿಗ್ ಇಡ್ದೆ. ಯಜಮಾನ್ರೆ ಯೋಳಿ ಅಂದೆ. ಯೋಳಿದ್ರು. ನಿಮ್ ಪುಟ ಒಂದೇ ಬಂದಿದ್ದು, ಲೋಕದಾಗೆ ಇನ್ಯಾತರಲ್ಲೂ ಆ ಪದ ಇಲ್ಲ."

"ದೊಡ್ಡ ಉಪಕಾರ ಮಾಡಿದೆಯಪ್ಪ."

"ಶುಕ್ರವಾರ ಸಂಜೇನೂ ಇಂಗೇ ಇಡ್ದಿದ್ದೆ ಕಣಿ. ಆಗೇನೂ ಬರ್ನಿಲ್ಲ. ಶನಿವಾರ ಬಚ್ಚಲಲ್ಲಿ ಜಾರಿ ಕಾಲು ಇಂಗಾಯ್ತು."

ಅತ್ತಿಗೆ ನನ್ನತ್ತ ತಿರುಗಿದಳು. ಟೀ ಲೋಟ ಕೆಳಗಿಟ್ಟೆ. ಅಲ್ಲೇ, ಚಲುವರಾಜನ ಎದುರಿಗೇ, ಸಾವಿರದ ಎಂಟನ್ನೂ, ಬಿಳಿ ಬಣ್ಣವನ್ನೂ, ನೆಟ್‌ವರ್ಕಿನ ಸುಳ್ಳನ್ನೂ ಹೇಳಿದೆ.

ಅವಳು ಅಣ್ಣನ ಕಾಲಿನ ಬಟ್ಟೆಯ ಗಂಟನ್ನು ಬಿಚ್ಚಿ, ಸಡಿಲವಾಗಿ ಮತ್ತೆ ಕಟ್ಟಿದಳು.

"ಇನ್ಮೇಲೆ ನೋಟ್‌ಬುಕ್ಕಲ್ಲೇ ಬರಿ," ಎಂದಳು. ಮುಖ ಎತ್ತಲಿಲ್ಲ. "ಆಸ್ಪತ್ರೇಲಿ ಇವರನ್ನ ಬೆಂಚಿನ ಮೇಲೆ ಬಿಟ್ಟು ಹೋದದ್ದು ನಾನೂ ತಾನೇ."

ಬಸ್ಸಿನಲ್ಲಿ ಅಣ್ಣನನ್ನು ನಮ್ಮಿಬ್ಬರ ನಡುವೆ ಕೂರಿಸಿಕೊಂಡೆವು. ಅವನ ಅಂಗಿಯ ತುದಿಯನ್ನು ನಾನು ಬಿಟ್ಟಿರಲಿಲ್ಲ. ಬಸ್ಸು ಹೊರಟದ್ದೇ ಅವನು ಶುರುಮಾಡಿದ, ತಾತನದೇ ರಾಗ:

ಹೊಳೆಯ ನೀರಿಗೆ ದಡವೆ ಕಣ್ಣೈ
ಬೆಳೆಯ ಭೂಮಿಗೆ ಮುಗಿಲೆ ಕಣ್ಣೈ

ಮುಂದಿನ ಸೀಟಿನವರು ತಿರುಗಿ ನೋಡಿದರು. ಅವನು ಎಂದಿನಂತೆ ಅಲ್ಲಿಗೇ ನಿಲ್ಲಿಸಿದ, ಎಂದಿನಂತೆ ತುಟಿ ತೆರೆದು ಕಾದ. ನಾಲ್ಕು ಜನರ ಮುಂದೆ ನಾನು ಯಾವತ್ತೂ ದನಿ ಎತ್ತಿದವನಲ್ಲ. ಎಲ್ಲರಿಗೂ ಕೇಳುವಂತೆ ಮೂರನೆಯ ಸಾಲು ಹೇಳಿದೆ:

ಅಳುವ ಜೀವಕೆ ನಿನ್ನ ನಾಮವೆ ದಾರಿ ತೋರುವ ಕಣ್

"ಹೂಂ," ಎಂದ ಅಣ್ಣ, ನಾನು ಪಾಠ ಒಪ್ಪಿಸಿದೆನೆಂಬಂತೆ. ಮತ್ತೆ ಮೊದಲಿನಿಂದ ಶುರುಮಾಡಿದ.