ಸುಮ್ಮನಾದ ಪೆಟ್ಟಿಗೆಗಳು

ನನ್ನ ಬಾಯಿ ದೊಡ್ಡದು ಅಂತ ಶೀಳನೆರೆ ಸುತ್ತಮುತ್ತ ಹೇಳುವವರಿದ್ದಾರೆ. ಇರಲಿ. ಸೊಸೈಟಿಯವನ ತಕ್ಕಡಿಗೂ ಹೆದರಿಲ್ಲ, ನೆಂಟರ ಬಿಂಕಕ್ಕೂ ಹೆದರಿಲ್ಲ ಈ ಬಾಯಿ. ಆದರೆ ಬೇಕಾದ ಹೊತ್ತಿನಲ್ಲೇ ನನಗೆ ಕೈಕೊಟ್ಟಿತು, ಅದೂ ಎರಡು ಸಲ.

ತೊಂಬತ್ತಾರರ ಡಿಸೆಂಬರ್. ಹಿತ್ತಲಿನಾಚೆ ನನ್ನ ಮಾವ ಜವರಯ್ಯನವರು ಕೋಳಿ ಶೆಡ್ಡು ಕಟ್ಟಿಸಿದ್ದರು. ಸೊಸೆಯನ್ನು ಮಂಡ್ಯಕ್ಕೆ ಐದು ದಿನದ ಕೋಳಿ ಸಾಕಣೆ ತರಬೇತಿಗೆ ಕಳಿಸಿದ ಮಾವ ಈ ಸೀಮೆಯಲ್ಲಿ ಅವರೊಬ್ಬರೇ ಇರಬೇಕು. ಅತ್ತೆ ಪುಟ್ಟಗೌರಮ್ಮ ಮೂರು ದಿನ ಮಾತು ಬಿಟ್ಟಿದ್ದರು. “ಓದಿರೋ ಮಗ ಕಣಮ್ಮಿ, ಕಲ್ತ್ಕಂಡ್ ಬರ್ಲಿ ಬುಡು” ಅಂದುಬಿಟ್ಟರು ಮಾವ. ಶೆಡ್ಡು ನಮ್ಮ ಸೊಸೆ ಸುಮಂದು ಅಂತ ಊರಿಗೆಲ್ಲ ಹೇಳಿಕೊಂಡು ಬಂದವರೂ ಅವರೇ. ಮೊದಲ ಸಲ ತರುವ ಸಾವಿರ ಮರಿ ಚೆನ್ನಾಗಿ ಬೆಳೆದರೆ ಶೆಡ್ಡು ನನ್ನ ಕೈಯಲ್ಲಿ ಉಳಿಯುತ್ತಿತ್ತು. ಇಲ್ಲದಿದ್ದರೆ ಅದನ್ನು ರೇಷ್ಮೆಹುಳುವಿನ ಮನೆ ಮಾಡಿಸಬೇಕೆಂದು ಅತ್ತೆ ಕಾದು ಕೂತಿದ್ದರು.

ತರಬೇತಿಯಲ್ಲಿ ಒಂದು ಮಾತನ್ನು ದಿನಕ್ಕೆ ಹತ್ತು ಸಲ ಹೇಳಿದ್ದರು. ಮರಿ ಮೊಟ್ಟೆಯಿಂದ ಬರುವಾಗ ಹೊಟ್ಟೆಯೊಳಗೆ ಒಂದಿಷ್ಟು ಹಳದಿ ಹೊತ್ತು ಬರುತ್ತದೆ. ಬೇಗ ನೀರು, ನುಚ್ಚು, ಕಾವು ಸಿಕ್ಕರೆ ಅದು ಕರಗಿ ಕರುಳು ಬಲಿಯುತ್ತದೆ. ತಡವಾದರೆ ಆ ಕರುಳು ಮತ್ತೆ ನೆಟ್ಟಗಾಗುವುದು ಕಷ್ಟ.

ಬೆಳಗಿನ ಜಾವ ಬರಬೇಕಿದ್ದ ವ್ಯಾನು ದಾರಿಯಲ್ಲಿ ಕೆಟ್ಟು, ಬುಧವಾರ ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಬಂತು. ಹತ್ತು ರಟ್ಟಿನ ಪೆಟ್ಟಿಗೆ. ಶೆಡ್ಡಿನೊಳಗೆ ಬತ್ತದ ಹೊಟ್ಟು ಹರಡಿ, ಬಲ್ಬು ಉರಿಸಿ, ನೀರಿನ ಡಬ್ಬಿ ತುಂಬಿಸಿ ನಾನು ಕಾಯುತ್ತಿದ್ದೆ. ಪೆಟ್ಟಿಗೆಗಳು ಜಗಲಿಗೆ ಇಳಿಯುವಷ್ಟರಲ್ಲಿ ಹನ್ನೆರಡು ಹೊಡೆಯಿತು. ಬುಧವಾರ ಹನ್ನೆರಡರಿಂದ ಒಂದೂವರೆವರೆಗೆ ರಾಹುಕಾಲ.

“ರಾವ್‌ಕಾಲ ಕಳೀಲಿ ತಡಿ ಕಣವ್ವ” ಅಂದರು ಮಾವ.

“ನೀರಾದ್ರೂ ಕುಡುಸ್ಬುಡಾನ ಮಾವ.”

“ಮೊದ್ಲುನೆ ಸಲ ಒಳಿಕ್ ತಕ್ಕೋಗ್ತಿರೋದು. ಅಂಗೆಲ್ಲ ದುಡುಕ್‌ಬಾರ್ದು.”

ಒಂದೂವರೆಯಾಯಿತು. ಕಾಯಿ ಒಡೆಯಬೇಕಿದ್ದ ಪೂಜಾರಿ ಸೋಮಯ್ಯ ಹೊಸಹೊಳಲಿಗೆ ಹೋದವನು ಬಂದಿರಲಿಲ್ಲ. ಅಲ್ಲಿಯವರೆಗೆ ಪೆಟ್ಟಿಗೆಯೊಳಗಿನ ಚಿಂವ್‌ಚಿಂವ್ ಬೀದಿ ಕೊನೆಗೆ ಕೇಳುತ್ತಿತ್ತು. ಎರಡರ ಹೊತ್ತಿಗೆ ಒಂದು ಪೆಟ್ಟಿಗೆ ತಣ್ಣಗಾಯಿತು, ಆಮೇಲೆ ಪಕ್ಕದ್ದು, ಆಮೇಲೆ ಎಲ್ಲವೂ. ಜಗಲಿಯ ಮೇಲೆ ಚಳಿಗಾಳಿ ಆಡುತ್ತಿತ್ತು.

“ನೋಡ್ದಾ, ನಿದ್ದೆ ಬಂತು” ಅಂದು ಮಾವ ನಕ್ಕರು.

ಅದು ನಿದ್ದೆಯಲ್ಲ. ಹಸಿದ ಮಗು ಅತ್ತೂ ಅತ್ತೂ ಸೋತು ಸುಮ್ಮನಾಗುವುದು ಹೇಗಿರುತ್ತದೆಂದು ನನಗೆ ಗೊತ್ತಿತ್ತು. ಕೂಗಾಡಿ ಪೆಟ್ಟಿಗೆ ಎತ್ತಿಕೊಂಡು ಹೋಗಬೇಕಿತ್ತು. ಬಾಗಿಲಲ್ಲಿ ಅತ್ತೆ ನಿಂತಿದ್ದರು. ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಸೋಮಯ್ಯ ಬಂದಾಗ ಮೂರೂಕಾಲು.

ಒಳಗೆ ಬಿಟ್ಟರೆ ಮರಿಗಳು ನೀರಿನ ಕಡೆ ಹೋಗಲೇ ಇಲ್ಲ. ಬಲ್ಬಿನ ಕೆಳಗೆ ಒಂದರ ಮೇಲೊಂದು ಗುಪ್ಪೆಯಾದವು. ನಾನೂ ಮಾವನೂ ಕೂತು ಒಂದೊಂದರ ಕೊಕ್ಕನ್ನೇ ನೀರಿಗೆ ಅದ್ದಿದೆವು. ಮೂರನೇ ದಿನ ಮರಿಗಳ ಹಿಂಭಾಗ ಹಿಕ್ಕೆಯಿಂದ ಅಂಟಿಕೊಂಡಿತು. ಮಾವ ಬಿಸಿನೀರಿನ ಬಟ್ಟೆಯಲ್ಲಿ, ನೇಗಿಲು ಹಿಡಿದ ಆ ದಪ್ಪ ಬೆರಳಲ್ಲಿ, ಒರೆಸಿ ಒರೆಸಿ ಬಿಟ್ಟರು. ನಾಲ್ಕನೇ ದಿನದಿಂದ ಸಾಯತೊಡಗಿದವು. ಸತ್ತವನ್ನು ಬಕೀಟಿನಲ್ಲಿ ತುಂಬಿ ಅವರೇ ಹೂತು ಬರುತ್ತಿದ್ದರು, ನನ್ನನ್ನು ಬರಗೊಡಲಿಲ್ಲ. ಆರನೇ ದಿನ ಬಕೀಟು ಎರಡು ಸಲ ಹೋಯಿತು. ಉಳಿದವು ರೆಕ್ಕೆ ಇಳಿಬಿಟ್ಟು ನಿಂತಿದ್ದವು, ಹೊಟ್ಟು ಹುಳಿ ವಾಸನೆ ಹೊಡೆಯುತ್ತಿತ್ತು. ಮಾವ ಊಟದ ಮುಂದೆ ಕೂತು ಹಾಗೇ ಎದ್ದುಬಿಡುತ್ತಿದ್ದರು.

ಏಳನೇ ದಿನ ಕೆ.ಆರ್. ಪೇಟೆಯಿಂದ ಪಶುವೈದ್ಯರು ಮಹದೇವಸ್ವಾಮಿ ಬಂದರು. ಸತ್ತ ಮರಿಯೊಂದನ್ನು ಜಗಲಿಯ ಮೇಲೇ ಕತ್ತರಿಯಲ್ಲಿ ಸೀಳಿದರು. ಒಳಗೆ ಅಡಿಕೆ ಗಾತ್ರದ ಹಳದಿ ಗಡ್ಡೆ, ಹಸಿರಿಗೆ ತಿರುಗಿ ನಾರುತ್ತಿತ್ತು. ಕರುಳು ನೆನೆದ ನೂಲಿನಷ್ಟು ತೆಳ್ಳಗಿತ್ತು.

“ಇದು ಕರಗೇ ಇಲ್ಲ. ಮರಿ ಇಳಿಸಿ ಎಷ್ಟೊತ್ತಿಗೆ ನೀರು ಕೊಟ್ರಿ?”

ಜಗಲಿಯ ಕೆಳಗೆ ನೆರೆಯವರು ನಾಲ್ಕು ಜನ, ಬಾಗಿಲಲ್ಲಿ ಅತ್ತೆ. ಮಾವ ನನ್ನನ್ನೇ ನೋಡುತ್ತಿದ್ದರು. ಗದರುವ ನೋಟವಾಗಿದ್ದರೆ ನಿಜ ಹೇಳಿಬಿಡುತ್ತಿದ್ದೆ. ಆ ದೊಡ್ಡ ಮನುಷ್ಯ ಹೆದರಿದ್ದರು. ನನ್ನ ಅಪ್ಪನಿಗಿಂತ ಹೆಚ್ಚು ಅವರು ನನಗೆ. ಅಷ್ಟು ಜನರ ಮುಂದೆ ಅವರ ತಲೆ ತಗ್ಗುವುದನ್ನು ನೋಡಲು ನನ್ನಿಂದ ಆಗಲಿಲ್ಲ.

“ಬಂದ್ ತಕ್ಷಣವೇ ಕೊಟ್ಟೊ ಸಾರ್. ಹತ್ತು ನಿಮ್ಷನೂ ಆಗಿಲ್ಲ” ಅಂದೆ.

“ಹಾಗಾದ್ರೆ ಮರಿ ಮಾಡಿಸಿದ ಕಡೆಯಿಂದಲೇ ಸೋಂಕು ತಂದಿವೆ. ನಿಮ್ಮ ತಪ್ಪೇನಿಲ್ಲ” ಅಂತ ಅವರು ಚೀಟಿ ಬರೆದರು.

ಅವರನ್ನು ಕಳಿಸಲು ಸ್ಕೂಟರಿನವರೆಗೆ ನಾನೊಬ್ಬಳೇ ಹೋದೆ. ಅವರು ಕಿಕ್ಕರ್ ಮೇಲೆ ಕಾಲಿಟ್ಟು ಹೇಳಿದರು: “ನೀರು ಬೇಗ ಕೊಟ್ಟಿದ್ದು ಒಳ್ಳೇದಾಯ್ತಮ್ಮ. ತಡ ಆಗಿದ್ರೆ ಉಳಿದವನ್ನೂ ಬೇರೆ ಥರ ನೋಡ್ಕೋಬೇಕಿತ್ತು, ಔಷಧಿನೂ ಬೇರೆ. ಅಂಥ ಕರುಳು ಮೂರನೇ ವಾರಕ್ಕೆ ರಕ್ತಭೇದಿಗೆ ಬೀಳುತ್ತೆ. ಶೆಡ್ಡೇ ಖಾಲಿಯಾಗುತ್ತೆ.”

ಅಲ್ಲಿ ಅತ್ತೆ ಇರಲಿಲ್ಲ, ನೆರೆಯವರಿರಲಿಲ್ಲ. ಹೇಳಬಹುದಿತ್ತು. ಒಂದು ಸುಳ್ಳು ಹೇಳಿದ ಮೇಲೆ ಅದೇ ಬಾಯಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ನಾಚಿಕೆಯಾಯಿತು. ಸ್ಕೂಟರು ಹೊರಟುಹೋಯಿತು.

ಮಧ್ಯಾಹ್ನ ಮಾವ ತಾವಾಗಿಯೇ ಊಟಕ್ಕೆ ಕೇಳಿದರು. ವಾರದಿಂದ ಕಾಣದಿದ್ದ ಕಳೆ ಮುಖಕ್ಕೆ ಬಂದಿತ್ತು.

“ಆಗ್ಲಿಂದ ಅದ್ನೇ ಯೋಚ್ನೆ ಮಾಡ್ತಿದ್ದೆ ಕಣವ್ವ, ನಾನ್ ತಡ ಮಾಡುದ್ನಲ್ಲ ಅಂತ. ಅದುಕ್ಕೂ ಇದುಕ್ಕೂ ಸಮ್ಮಂದ ಇಲ್ಲ ಅಂತ ಡಾಕ್ಟ್ರೇ ಏಳ್ಬುಟ್ರಲ್ಲ. ಮರೀದೇ ದೋಸ. ಮುಂದ್ಲ ಸಲ ಬ್ಯಾರೆ ಕಡೆಯಿಂದ ತರ್ಸಾನ. ಪೆಟ್ಗೆಗಳ್ನ ಇಡೀ ದಿನ ದೇವ್ರ್ ಮುಂದೆ ಮಡ್ಗಿ, ಸಂಜೆ ದೀಪ ಅಚ್ಚಿ, ಆಮೇಲೆ ನಿದಾನುಕ್ಕೆ ಬುಡಾನ.”

“ಆಗ್ಲಿ ಮಾವ” ಅಂದು ನಾನು ಅವರ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟೆ.