ಸಾಲ ಕೇಳಿದವಳ ಹೂಂ

"ಹಸೀನಾಬಿ?"

"ಹೂಂ ರೀ."

ಅದು ಹತ್ತನೆಯ ಹೂಂ. ಸಂಘದ ಅಧ್ಯಕ್ಷೆ ಸಾವಿತ್ರೆವ್ವ ಠರಾವು ಪುಸ್ತಕದಲ್ಲಿ ಗುರುತು ಹಾಕಿದಳು. ಹಮ್ಮಿಗಿಯ ಅಂಗನವಾಡಿಯಲ್ಲಿ ಕೂತಿದ್ದ ಹೆಂಗಸರೆಲ್ಲ ಕಾಂಚನಾಳ ಕಡೆ ತಿರುಗಿದರು. ಐವತ್ತು ಸಾವಿರ ಕೇಳಿದವಳು ಅವಳೇ. ಈ ಸಂಘದ ಪದ್ಧತಿಯೇ ಹಾಗೆ: ಎಲ್ಲರೂ ಒಪ್ಪಿದ ಮೇಲೆ ಸಾಲ ಕೇಳಿದವಳೂ ಬಾಯಿಬಿಟ್ಟು ಹೂಂ ಅನ್ನಬೇಕು. ಸುಮ್ಮನೆ ತಲೆಯಾಡಿಸಿದರೆ ನಡೆಯುವುದಿಲ್ಲ.

ಹೊರಗೆ ಬೈಕಿನ ಹಾರ್ನು ಕೂಗಿತು. ಅವಳ ಗಂಡ ವೀರೇಶ. ಸಭೆಯೊಳಗೆ ಗಂಡಸರು ಕಾಲಿಡುವಂತಿಲ್ಲ. ಹಾರ್ನಿಗೆ ಯಾರ ತಡೆ?

ಅರ್ಜಿಯಲ್ಲಿ ಎಮ್ಮೆ ಕೊಳ್ಳಲು ಎಂದು ಬರೆಸಿದ್ದಳು. ಎಮ್ಮೆಯೂ ಇಲ್ಲ, ಮಣ್ಣೂ ಇಲ್ಲ. ಮೊಬೈಲಿನ ಇಸ್ಪೀಟಿನಲ್ಲಿ ಕಳೆದದ್ದನ್ನು ಅದರಲ್ಲೇ ಗೆಲ್ಲುತ್ತೇನೆಂದು ಹೊರಟಿದ್ದ ಮಹಾರಾಯ. "ರೊಕ್ಕ ಇಲ್ದ ಮನಿಗೆ ಬಂದ್ರ ನೋಡು" ಎಂದು ಬೆಳಿಗ್ಗೆ ಹೇಳಿದ್ದ. ಹೋದ ತಿಂಗಳು ಬಾತಿದ್ದ ಅವಳ ಎಡಗೈ ಇನ್ನೂ ಸರಿಯಾಗಿ ಮಡಚುತ್ತಿರಲಿಲ್ಲ.

"ಯಾಕವಾ, ಬಾಯಾಗ ಏನ್ ಇಟಗೊಂಡಿ? ಹೂಂ ಅನ್ನು, ಚೆಕ್ಕಿಗೆ ಸಹಿ ಹಾಕ್ತೀನಿ" ಅಂದಳು ಸಾವಿತ್ರೆವ್ವ. ಎಮ್ಮೆ ಬಂದರೆ ಹುಡುಗಿಯ ಕೈಯಲ್ಲಿ ನಾಲ್ಕು ಕಾಸು ಆಡುತ್ತದೆ ಎಂದು ಎಲ್ಲರನ್ನೂ ಒಪ್ಪಿಸಿದ್ದು ಅವಳೇ. ಆ ಮುಖ ನೋಡಲು ಕಾಂಚನಾಳಿಗೆ ನಾಚಿಕೆಯಾಯಿತು.

ಮತ್ತೆ ಹಾರ್ನು.

"ನನಗ ಕೊಡಬ್ಯಾಡ್ರಿ."

"ಏನಂದಿ?"

"ಎಮ್ಮಿ ಸುಳ್ಳರಿ ಯವ್ವಾ. ಅವರಿಗೆ ಮೊಬೈಲಿನ್ಯಾಗ ಆಡಾಕ ಬೇಕಾಗೇತಿ. ಕೊಟ್ರ ನಿಮ್ಮ ರೊಕ್ಕ ತಿರುಗಿ ಬರೂದಿಲ್ಲ. ನಾ ಹೂಂ ಅನ್ನಂಗಿಲ್ಲ."

"ಯಾ ಅಲ್ಲಾ!" ಎಂದಳು ಹಸೀನಾಬಿ. ಸಾವಿತ್ರೆವ್ವನ ಮುಖ ಸಿಟ್ಟಿನಿಂದ ಬಿಗಿಯಿತು. ಬೈಗುಳಕ್ಕೆ ಕಾಯದೆ ಕಾಂಚನಾ ಎದ್ದು ಹೊರಗೆ ಬಂದಳು.

ವೀರೇಶ ಬೈಕಿನಿಂದ ಇಳಿದು ಮೆಟ್ಟಿಲವರೆಗೂ ಬಂದಿದ್ದ. "ಚೆಕ್ ಎಲ್ಲೈತಿ?"

"ಆಗಲಿಲ್ಲ..."

"ಯಾವಾಕಿ ಬ್ಯಾಡ ಅಂದಾಕಿ?"

"ನಾನ." ಬಾಗಿಲಲ್ಲಿ ಸಾವಿತ್ರೆವ್ವ ನಿಂತಿದ್ದಳು. "ಆಕಿ ಕೊಡ್ರಿ ಕೊಡ್ರಿ ಅಂತ ಕಾಲಿಗೆ ಬಿದ್ಲು. ನಾನ ಕೊಡೂದಿಲ್ಲ ಅಂದೆ."

"ನಾನೂ ಅಂದೆ," ಚಪ್ಪಲಿ ಮೆಟ್ಟುತ್ತ ಹಸೀನಾಬಿ ಹೇಳಿದಳು. ಅವಳ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಹೊರಬಂದರು. ವೀರೇಶ ಒಂದು ಹೆಜ್ಜೆ ಹಿಂದೆ ಸರಿದ.

"ನಡಿಯವಾ," ಸಾವಿತ್ರೆವ್ವ ಕಾಂಚನಾಳ ಬೆನ್ನ ಮೇಲೆ ಕೈಯಿಟ್ಟಳು, "ನಿಮ್ಮ ಮನ್ಯಾಗ ಚಾ ಕುಡದು ಹೋಗ್ತೀವಿ. ವೀರೇಶಪ್ಪಾ, ಹಾಲು ತಗೊಂಡು ಬಾ. ಹತ್ತು ಮಂದಿ ಅದೀವಿ, ನೋಡು."

ಯಾರೊಬ್ಬರೂ ತಮ್ಮ ಓಣಿಯ ಕಡೆ ಹೊರಳಲಿಲ್ಲ.