ಮುದಕವ್ವ ಕಿತ್ತ ಮೊಳೆ

ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಕಾರಕೂನನಾಗಿದ್ದ ನಾನು ಸಮುದ್ರವನ್ನೇ ಕಂಡವನಲ್ಲ. ೧೯೫೯ರ ಬೇಸಿಗೆಯಲ್ಲಿ ನೌಕಾಪಡೆಯ ಅಧಿಕಾರಿಯೊಬ್ಬರು ಸಾಗವಾನಿ ಆರಿಸಲು ಬಂದರು. ಅವರ ಹಿಂದಿಯನ್ನು ಹಮಾಲರಿಗೆ ಕನ್ನಡದಲ್ಲಿ ತಿಳಿಸುವ ದೊಡ್ಡಸ್ತಿಕೆ ನನ್ನದಾಯಿತು.

ಅವರು ವಿವರಿಸಿದಂತೆ, ನಮ್ಮದೂ ಸೇರಿ ನಾಲ್ಕು ಸ್ನೇಹಿತ ದೇಶಗಳು ಕೂಡಿ ಸಮುದ್ರ ಕಾಯಲು ಹೊರಟಿದ್ದವು. ನೀರೊಳಗಿನ ಸಿಡಿಗುಂಡು ತೆಗೆದು ದಾರಿ ಮಾಡುವುದು ನಮ್ಮ ಪಾಲಿನ ಕೆಲಸ. ನಮ್ಮ ದೋಣಿ ಮುಂದೆ, ಅದನ್ನು ನಂಬಿ ಉಳಿದ ಮೂರು ದೇಶಗಳ ಹಡಗುಗಳು ಹಿಂದೆ. ಕಬ್ಬಿಣ ಹತ್ತಿರ ಬಂದರೆ ಆ ಗುಂಡು ಸಿಡಿಯುತ್ತದೆ. ಅದಕ್ಕೇ ದೋಣಿ ಕಟ್ಟಿಗೆಯದು, ಅದರ ಹಲಗೆಯಲ್ಲಿ ಚೂರು ಕಬ್ಬಿಣವೂ ಇರಕೂಡದು. ಬೇಕಾದಷ್ಟು ಉದ್ದದ ದಿಮ್ಮಿ ಡಿಪೋದಲ್ಲಿ ಒಂದೇ ಇತ್ತು. ಅಧಿಕಾರಿ ಅದನ್ನೇ ಒಪ್ಪಿದರು.

ಹಮಾಲ ಸೋಮಪ್ಪನಿಗೆ ರೊಟ್ಟಿ ತಂದಿದ್ದ ಅವನ ತಾಯಿ ಮುದಕವ್ವ ಇದನ್ನೆಲ್ಲ ಕೇಳುತ್ತ ನಿಂತಿದ್ದಳು. ಮೆಲ್ಲಗೆ ನನ್ನ ಬಳಿ ಬಂದಳು.

"ಸಾಹೇಬ್ರ, ಈ ಗಿಡ ನಮ್ಮೂರ ಅಡವಿ ಅಂಚಿಂದು. ಇದರಾಗ ನನ್ನ ಮೊಳಿ ಐತ್ರಿ."

ಐದು ವರ್ಷದವನಿದ್ದಾಗ ಸೋಮಪ್ಪ ಮೂರ್ಛೆ ಬೀಳುತ್ತಿದ್ದನಂತೆ. ಅವನಿಗೆ ಹಿಡಿದ ದೆವ್ವವನ್ನು ಮಂತ್ರಿಸಿದ ಮೊಳೆಯಿಂದ ಆ ಮರಕ್ಕೆ ಜಡಿಸಿದ್ದಳು. ಆಮೇಲೆ ಅವನು ಒಮ್ಮೆಯೂ ಬಿದ್ದಿಲ್ಲ. ಮರ ಬೆಳೆದು ಮೊಳೆಯನ್ನು ನುಂಗಿತ್ತು, ಮೇಲೆ ಉಳಿದ ಗಂಟಿನಿಂದಲೇ ಅವಳು ದಿಮ್ಮಿಯನ್ನು ಗುರುತಿಸಿದ್ದಳು. ಕಿತ್ತರೆ ದೆವ್ವ ತಿರುಗಿ ಮಗನ ಮೈಮೇಲೆ ಬರುತ್ತದೆ ಎಂಬ ಭಯ ಅವಳಿಗೆ.

ನಾನೊಬ್ಬ ತಲೆಗೇಡಿ! "ಸುಮ್ನಿರಬೇ, ಯಾರಿಗೆ ಗೊತ್ತಾಗತೈತಿ?" ಎಂದುಬಿಟ್ಟೆ.

ಅವಳು ನನ್ನನ್ನು ನೋಡಿದ ರೀತಿಗೆ ಈಗಲೂ ನಾಚಿಕೆಯಾಗುತ್ತದೆ. ಅಧಿಕಾರಿಗೆ ಎಲ್ಲವನ್ನೂ ಹೇಳಿದೆ. ಬಡಿಗ ಅವಳು ತೋರಿಸಿದಲ್ಲಿ ಕೆತ್ತಿದ. ತುಕ್ಕು ಹಿಡಿದ ತಲೆ ಕಂಡದ್ದೇ ಉಳಿಯನ್ನು ಕೆಳಗಿಟ್ಟ. ಅಂಥ ಮೊಳೆ ಮುಟ್ಟಲು ಯಾರಿಗೂ ಧೈರ್ಯವಿರಲಿಲ್ಲ. ಸೋಮಪ್ಪ ಮುಂದಾದ.

"ನೀ ಮುಟ್ಟಬ್ಯಾಡೋ," ಎಂದು ಅವನನ್ನು ತಳ್ಳಿದಳು. "ಜಡಿಸಿದಾಕಿ ನಾನು, ನಾನ ಕೀಳ್ತೇನಿ."

ಇಕ್ಕಳ ಎರಡು ಸಲ ಜಾರಿತು. ಮೂರನೆಯ ಸಲ ಮೊಳೆ ಕಿರುಗುಟ್ಟುತ್ತ ಬಂತು. ಅವಳು ಅದನ್ನೆಸೆದು ಮಗನ ರಟ್ಟೆ ಹಿಡಿದಳು. ಹೊತ್ತು ಇಳಿದರೂ ಬಿಡಲಿಲ್ಲ. ಸೋಮಪ್ಪ ಬೀಳಲಿಲ್ಲ.

ದಿಮ್ಮಿ ಲಾರಿ ಏರಿದ ಮೇಲೆ ಅಧಿಕಾರಿ ಕೇಳಿದರು, ಮಗನ ಬಗ್ಗೆ ಅಷ್ಟು ಭಯವಿದ್ದೂ ಯಾಕೆ ಹೇಳಿದಿರಿ ಎಂದು.

"ಮುಂದ ಹೋಗೋರು ನಾವ ಅಂದ್ರಿ," ಎಂದಳು ಮುದಕವ್ವ. "ಹಿಂದ ನಂಬಿ ಬರೋ ಹುಡುಗರಿಗೂ ಅವ್ವ ಇರ್ತಾಳಲ್ರಿ."

ಅದನ್ನು ನಾನು ಹೆಮ್ಮೆಯಿಂದ ಹಿಂದಿಯಲ್ಲಿ ಹೇಳಿದೆ. ಅವ್ವ ಎಂಬ ಒಂದು ಮಾತನ್ನು ಮಾತ್ರ ಕನ್ನಡದಲ್ಲೇ ಬಿಟ್ಟೆ.